ಬ್ರೇಕ್ ಮೇಷ್ಟ್ರ ಬಲಗಾಲು

ಬ್ರೇಕ್ ಮೇಷ್ಟ್ರ ಬಲಗಾಲು ನಿರುದ್ಯೋಗಿಯಾಗಿ ಅಂದಿಗೆ ಸರಿಯಾಗಿ ಏಳು ದಿನ.

ಅವರಿಗೆ ಆ ಹೆಸರು ಬಂದದ್ದೇ ಆ ಕಾಲಿನಿಂದ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಇಪ್ಪತ್ತೆರಡು ವರ್ಷ ತುಳಿದು ತುಳಿದು ಮೇಷ್ಟ್ರ ಬಲಗಾಲು ಎಡಗಾಲಿಗಿಂತ ಒಂದು ಸುತ್ತು ದಪ್ಪವಾಗಿತ್ತು. ಲಾರಿ, ಸೈಕಲ್ಲು, ಶಾಲೆ ಬಿಟ್ಟ ಮಕ್ಕಳು, ಒಮ್ಮೆ ಪೊಲೀಸ್ ಜೀಪು, ಹೀಗೆ ಎಷ್ಟೋ ಜನರ ಪ್ರಾಣವನ್ನು ಆ ಕಾಲು ಸದ್ದಿಲ್ಲದೆ ಉಳಿಸಿತ್ತು. ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುವಾಗ ಚಾಕು ಬೆರಳಿನ ಹತ್ತಿರ ಬಂದರೂ ಅದು ತಾನಾಗಿ ನೆಲ ಒತ್ತುತ್ತಿತ್ತು. ನಿದ್ದೆಯಲ್ಲಿ ಒದ್ದು ಒದ್ದು ಮಂಚದ ಕಾಲುಕಡೆಯ ಹಲಗೆ ಎರಡು ಸಲ ಮುರಿದಿತ್ತು.

ಅಂಥ ಕಾಲು ಈಗ ಸುಮ್ಮನೆ ಕೂತಿತ್ತು. ಕಾರಣ, ಸ್ಕೂಲಿಗೆ ಹೊಸ ಕಾರು ಬಂದಿತ್ತು. ಅದಕ್ಕೆ ಮೇಷ್ಟ್ರು ಇಟ್ಟ ಹೆಸರು ಬೂದಿ.

ಬಣ್ಣ ಬೂದಿ. ಒಳಗಿನ ಸೀಟು ಬೂದಿ. ಅದರ ಕಿಟಕಿಯಿಂದ ನೋಡಿದರೆ ಊರೂ ಬೂದಿಯಾಗಿ ಕಾಣುತ್ತಿತ್ತು. ಹತ್ತು ಜನ ಸಭೆ ಸೇರಿ, ಯಾರಿಗೂ ಬೇಜಾರಾಗಬಾರದು ಎಂದು ಒಬ್ಬೊಬ್ಬರೂ ಒಂದೊಂದು ಗುಣ ಕಿತ್ತುಹಾಕಿ, ಕೊನೆಗೆ ಉಳಿದದ್ದಕ್ಕೆ ನಾಲ್ಕು ಚಕ್ರ ಸಿಕ್ಕಿಸಿದಂತಿತ್ತು. ಸ್ಟೇರಿಂಗ್ ತಿರುಗಿಸಿದರೆ ಕೈಗೂ ರಸ್ತೆಗೂ ಸಂಬಂಧವೇ ಇಲ್ಲ, ಬಕೆಟ್ ನೀರಿನಲ್ಲಿ ಸೌಟು ಆಡಿಸಿದ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟ ಹಾಗೆ: ಮೊದಲು ಸ್ವೀಕರಿಸುತ್ತದೆ, ಆಮೇಲೆ ಯೋಚಿಸುತ್ತದೆ, ಮನಸ್ಸು ಬಂದರೆ ಹೋಗುತ್ತದೆ. ಗೇರು ಇಲ್ಲ. ಸದ್ದು ಇಲ್ಲ. ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕಿಕೊಂಡು 'ಪಿಂಯ್' ಅನ್ನುತ್ತದೆ. ಇಷ್ಟು ಬೇಸರದ ವಸ್ತುವನ್ನು ಮಾಡಲು ತುಂಬ ಓದಿದವರೇ ಬೇಕು. ಓದದವನ ಕೈಗೆ ಕೊಟ್ಟಿದ್ದರೆ ಅದರಲ್ಲಿ ಒಂದು ತಪ್ಪಾದರೂ ಇರುತ್ತಿತ್ತು.

ಕೆಂಪಿಯಲ್ಲಿ ಇದ್ದವಲ್ಲ, ಮೈತುಂಬ.

ಕೆಂಪಿ ಸ್ಕೂಲಿನ ಹಳೆಯ ಕೆಂಪು ಕಾರು. ಅವಳನ್ನು ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮವಿತ್ತು. ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ಕೀಲಿಯನ್ನು ಅರ್ಧ ತಿರುಗಿಸಿ ಮೂರು ಎಣಿಸಬೇಕು, ಡ್ಯಾಶ್‌ಬೋರ್ಡಿನ ಎಡಮೂಲೆಗೆ ಅಂಗೈಯಲ್ಲಿ ಒಂದು ಏಟು ಕೊಡಬೇಕು. ಏಟು ಮೆಲ್ಲಗಾದರೆ ಕೇಳುವುದಿಲ್ಲ, ಜೋರಾದರೆ ಮುನಿಸು. ಆಮೇಲೆ ಪೂರ್ತಿ ತಿರುಗಿಸಿದರೆ ಎದ್ದಳು. ಮೂರನೇ ಗೇರಿಗೆ ಹಾಕುವಾಗ ಕಡ್ಡಿಯನ್ನು ಒಂಚೂರು ಎತ್ತಿ ತಳ್ಳಬೇಕು, ಇಲ್ಲದಿದ್ದರೆ ಹಲ್ಲು ಕಡಿಯುತ್ತಾಳೆ. ಎಡಕ್ಕೆ ತಿರುಗಿದರೆ ಹಾರನ್ ತಾನಾಗಿ 'ಪೋಂಯ್' ಎಂದು ಕೂಗಿಕೊಳ್ಳುತ್ತದೆ. ಈ ಕ್ರಮ ಗೊತ್ತಿಲ್ಲದವನು ಅವಳನ್ನು ಒಂದಡಿ ಕದಲಿಸಲಾರ. ಅದಕ್ಕೇ ಮೇಷ್ಟ್ರು ಅವಳ ಕೀಲಿಯನ್ನು ಎಂದೂ ತೆಗೆಯುತ್ತಿರಲಿಲ್ಲ.

ಹಗಲೆಲ್ಲ ಪಕ್ಕದ ಸೀಟಿನಲ್ಲಿ ಕೂತು ಪರರ ತಪ್ಪು ತುಳಿಯುವ ಮೇಷ್ಟ್ರಿಗೆ ಸಂಜೆ ಹತ್ತು ನಿಮಿಷ ಸಿಗುತ್ತಿತ್ತು. ಸ್ಕೂಲಿನಿಂದ ಮನೆಯವರೆಗೆ ಕೆಂಪಿಯನ್ನು ತಾವೇ ಓಡಿಸಿಕೊಂಡು ಹೋಗುವ ಹತ್ತು ನಿಮಿಷ. ಸೇತುವೆ ಇಳಿಜಾರಿನಲ್ಲಿ ಎರಡನೆಯದು, ಏರಿನಲ್ಲಿ ಎತ್ತಿ ಮೂರನೆಯದು, ಕೊನೆಗೆ ದೊಡ್ಡ ರಸ್ತೆಯಿಂದ ಎಡಕ್ಕೆ ತಿರುಗುವಾಗ ಪೋಂಯ್. ಆ ಪೋಂಯ್ ಕೇಳಿದರೆ ಮನೆಯಲ್ಲಿ ಹೆಂಡತಿ ಟೀಗೆ ನೀರಿಡುತ್ತಿದ್ದಳು. ಮೇಷ್ಟ್ರು ಚಪ್ಪಲಿ ಬಿಡುವ ಹೊತ್ತಿಗೆ ಟೀ ಕುದಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಹೆಚ್ಚುಕಡಿಮೆಯಾಗಿರಲಿಲ್ಲ.

ಇವತ್ತು ಅದಕ್ಕೆ ಕುತ್ತು ಬಂದಿತ್ತು.

"ಮೇಷ್ಟ್ರೇ, ಐದು ಗಂಟೆಗೆ ಟೈ ಬರ್ತಾನೆ," ಎಂದಳು ಯಜಮಾನಿ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ. ಅಪ್ಪ ಕಟ್ಟಿದ ಸ್ಕೂಲನ್ನು ಈಗ ನಡೆಸುತ್ತಿದ್ದ ಮಗಳು ಅವಳು. ಟೈ ಅಂದರೆ ಶೋರೂಮಿನವನು. ಕುತ್ತಿಗೆಯ ಟೈ ಬಿಟ್ಟರೆ ಅವನಲ್ಲಿ ನೆನಪಿಡುವಂಥದ್ದು ಬೇರೇನೂ ಇರಲಿಲ್ಲ, ತಾನು ಮಾರುವ ಕಾರಿನ ಹಾಗೇ. "ವಾರದ ಟ್ರಯಲ್ ಇವತ್ತಿಗೆ ಮುಗೀತು. ಅಲ್ಲೀವರೆಗೂ ಬೂದಿ ಅವರದೇ. ಇಟ್ಕೊಂಡ್ರೆ ಕೆಂಪಿನ ಗುಜರಿಗೆ ತಗೊಂಡು ಹೋಗ್ತಾರೆ. ಬೇಡ ಅಂದ್ರೆ ಬೂದಿನ ವಾಪಸ್ ಒಯ್ತಾರೆ."

"ಬೇಡ ಅನ್ನಿ ಅಮ್ಮಾವ್ರೇ."

"ಅಂತೀನಿ. ಒಂದು ದೋಷ ತೋರಿಸಿ. ಒಂದೇ ಒಂದು."

ಮೇಷ್ಟ್ರು ಬಾಯಿ ತೆರೆದರು. ಏನು ಹೇಳುವುದು? ಬೆಳಿಗ್ಗೆ ಹತ್ತಿ ಕೂತರೆ ಬದುಕೇ ಬೇಡ ಅನ್ನಿಸುತ್ತದೆ ಎನ್ನುವುದನ್ನು ಶೋರೂಮಿನವರು ದೋಷಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ. ದೋಷ ಹುಡುಕಲೆಂದೇ ಹೋಗಿ ಬೂದಿ ಹತ್ತಿದರು.

ಮೊದಲನೇ ಪಾಠ ದರ್ಜಿಯಮ್ಮನದು. ಹೊಲಿಗೆ ಯಂತ್ರದ ಪೆಡಲ್ ತುಳಿದು ಅಭ್ಯಾಸವಾಗಿದ್ದ ಆಕೆ ಕೆಂಪಿಯ ಆಕ್ಸಿಲರೇಟರನ್ನೂ ಹಾಗೇ ತುಳಿದು ಮೇಷ್ಟ್ರ ಅರ್ಧ ಆಯುಷ್ಯ ತಿಂದಿದ್ದಳು. ಇವತ್ತು ಮೇಷ್ಟ್ರ ಆಸೆಯೆಲ್ಲ ಆಕೆಯ ಮೇಲೆ.

"ಇವತ್ತು ನಿಮಗೆ ಹೇಗೆ ಬೇಕೋ ಹಾಗೆ ಓಡಿಸಿ ಅಮ್ಮಾ. ನಾನೇನೂ ಅನ್ನಲ್ಲ."

"ಬಯ್ಯಲ್ವಾ?"

"ಊಹೂಂ."

"ಮೈಗೆ ಹುಷಾರಿಲ್ವಾ ಮೇಷ್ಟ್ರೇ?"

ದರ್ಜಿಯಮ್ಮ ನೆಟ್ಟಗೆ ಗ್ರಂಥಾಲಯದ ಕಾಂಪೌಂಡಿಗೆ ಗುರಿಯಿಟ್ಟಳು. ಬೇಕೆಂದು ಅಲ್ಲ, ಆಕೆ ಓಡಿಸುವುದೇ ಹಾಗೆ. ಗೋಡೆ ಹತ್ತಿರ ಬಂತು. ಮೇಷ್ಟ್ರ ಬಲಗಾಲು ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ ನೆಗೆಯಿತು. ಎರಡೂ ಕೈಯಿಂದ ಮೊಣಕಾಲು ಹಿಡಿದು ತಡೆದರು. ಒಂದು ಬಂಪರ್ ಹೋದರೆ ಹೋಗಲಿ, ಕೆಂಪಿ ಉಳಿಯಲಿ.

ಪಿಂಯ್.

ಗೋಡೆಗೆ ಎರಡು ಮೊಳ ಇರುವಾಗಲೇ ಬೂದಿ ನಿಂತುಕೊಂಡಿತು. ಗೋಡೆಯ ಮೇಲಿದ್ದ ಬೆಕ್ಕು ಕೂಡ ಕಣ್ಣು ಬಿಡಲಿಲ್ಲ.

"ಅಯ್ಯೋ, ಇದು ನಿಮಗಿಂತ ಬೇಗ ಬ್ರೇಕ್ ಹಾಕುತ್ತಲ್ಲ ಮೇಷ್ಟ್ರೇ!" ದರ್ಜಿಯಮ್ಮ ಚಪ್ಪಾಳೆ ತಟ್ಟಿದಳು. "ನಿಮ್ಮ ಹಾಗೆ ಕಿರುಚೋದೂ ಇಲ್ಲ, ಪಾಪ."

ಎರಡನೆಯವರು ನಿವೃತ್ತ ಪೋಸ್ಟ್ ಮಾಸ್ಟರು. ಅವರು ಬೈಪಾಸಿಗೆ ಹೋಗೋಣ ಅಂದರು. ಬೈಪಾಸ್ ನೆಟ್ಟಗಿತ್ತು. ಬೂದಿ ರಸ್ತೆಯ ಬಿಳಿಗೆರೆ ನೋಡಿಕೊಂಡು ತಾನಾಗಿ ನೆಟ್ಟಗೆ ಹೋಗುತ್ತಿತ್ತು. ಸದ್ದಿಲ್ಲ, ಕುಲುಕಿಲ್ಲ, ತಣ್ಣನೆ ಗಾಳಿ. ಪೋಸ್ಟ್ ಮಾಸ್ಟರು ತಾವು ಒಂದು ಮನಿಯಾರ್ಡರನ್ನು ತಪ್ಪು ವಿಳಾಸಕ್ಕೆ ಕಳಿಸಿದ ಕತೆ ಶುರುಮಾಡಿದರು. ಆ ಮನಿಯಾರ್ಡರು ಕೊನೆಗೆ ಯಾರಿಗೆ ಸೇರಿತು ಎನ್ನುವುದು ಮೇಷ್ಟ್ರಿಗೆ ಇಂದಿಗೂ ತಿಳಿಯದು. ಯಾರೋ ಕಿಟಕಿ ಬಡಿದಾಗ ಕಣ್ಣು ಬಿಟ್ಟರು. ಪಕ್ಕದಲ್ಲಿ ಪೋಸ್ಟ್ ಮಾಸ್ಟರು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಗೊರಕೆ ಹೊಡೆಯುತ್ತಿದ್ದರು. ಹೊರಗೆ ಟ್ರಾಫಿಕ್ ಪೊಲೀಸು.

"ಏನ್ರೀ, ಸಿಗ್ನಲ್ ಹಸಿರಾಗಿ ಮೂರು ಸಲ ಕೆಂಪಾಯ್ತು. ಹೋಗ್ತೀರೋ, ಚಾದರ ತಂದು ಕೊಡ್ಲೋ?"

ಮೇಷ್ಟ್ರಿಗೆ ನಾಚಿಕೆಗಿಂತ ಮುಂಚೆ ಸಂತೋಷವಾಯಿತು. ದೋಷ ಸಿಕ್ಕಿತ್ತು! ಸ್ಕೂಲಿಗೆ ಬಂದವರೇ ಯಜಮಾನಿಯ ಮೇಜಿನ ಮುಂದೆ ನಿಂತರು. "ಅಮ್ಮಾವ್ರೇ, ಈ ಗಾಡಿ ಮನುಷ್ಯರನ್ನ ಮಲಗಿಸುತ್ತೆ. ನಾವಿಬ್ಬರೂ ಬೈಪಾಸಲ್ಲಿ ನಿದ್ದೆ ಹೋಗಿದ್ವಿ."

"ಆಮೇಲೆ? ಯಾರಿಗಾದ್ರೂ ಗುದ್ದಿತಾ?"

"ಇಲ್ಲ. ಸಿಗ್ನಲ್ಲಲ್ಲಿ ತಾನೇ ನಿಂತಿತ್ತು."

"ಇಬ್ಬರೂ ಮಲಗಿದ್ರೂ ತಾನೇ ನಿಂತಿತ್ತಾ!" ಯಜಮಾನಿ ಪೆನ್ನು ತೆಗೆದುಕೊಂಡಳು. "ಇದನ್ನ ಬೋರ್ಡಲ್ಲಿ ಬರೆಸಬಹುದು."

ಮೇಷ್ಟ್ರು ಬಂದು ಪಕ್ಕದ ಸಲೂನಿನಲ್ಲಿ ಕುಸಿದು ಕೂತರು. ಸಲೂನಿನವನನ್ನು ಬೀದಿಯೆಲ್ಲ ಕತ್ತರಿ ಎಂದು ಕರೆಯುತ್ತಿತ್ತು. ಅವನು ಕೂದಲಿಗಿಂತ ಪರರ ಸಂಗತಿಯನ್ನು ಹೆಚ್ಚು ಕತ್ತರಿಸುತ್ತಿದ್ದ. ಕೆಂಪಿ ನಿಲ್ಲುವ ಹಿತ್ತಲಿನ ಗೇಟಿನ ಬೀಗದ ಕೈ ಇರುತ್ತಿದ್ದದ್ದೂ ಅವನ ಹತ್ತಿರವೇ.

"ವೈರ್ ಕಿತ್ತು ಹಾಕಿ," ಎಂದ ಕತ್ತರಿ, ಗಿರಾಕಿಯ ಕಿವಿಯ ಹಿಂದೆ ಕೆಲಸ ಮಾಡುತ್ತ.

"ಛೆ. ಯಂತ್ರಕ್ಕೆ ಕೈಯಾರೆ ನೋವು ಮಾಡೋದು ನನ್ನಿಂದ ಆಗಲ್ಲಪ್ಪ. ಅದು ಬೂದಿನೇ ಆಗ್ಲಿ."

"ಹಾಗಾದ್ರೆ ಕಳೆದುಬಿಡಿ."

"ಕಾರು ಏನು ಪೆನ್ಸಿಲ್ಲಾ ಕಳೆಯೋಕೆ?"

"ಮಾರ್ಕೆಟ್ ಹಿಂದೆ ನಿಲ್ಲಿಸಿ, ಕೀ ಒಳಗೇ ಬಿಟ್ಟು, ಬಾಗಿಲು ತೆಗೆದಿಟ್ಟು ಬನ್ನಿ. ಅಲ್ಲಿ ಚಪ್ಪಲಿ ಬಿಟ್ರೇ ಉಳಿಯಲ್ಲ. ಐದು ಗಂಟೆ ತನಕ ಅದು ಶೋರೂಮಿನವರದು ಅಂತ ನಿಮ್ಮ ಯಜಮಾನಿನೇ ಹೇಳಿದ್ದಾರೆ. ವಿಮೆ ಇರುತ್ತೆ, ಅವರು ನೋಡ್ಕೋತಾರೆ. ಬೂದಿ ಹೋಯ್ತು ಅಂದ್ಮೇಲೆ ಕೆಂಪಿ ಬಿಟ್ರೆ ಗತಿ ಯಾರು?"

ಗಿರಾಕಿ, "ನಾನು ಏನೂ ಕೇಳಿಸ್ಕೊಂಡಿಲ್ಲ," ಎಂದ.

ಮೇಷ್ಟ್ರು ಜೀವನದಲ್ಲಿ ಒಂದು ಸುಳ್ಳು ಹಾರನ್ ಕೂಡ ಹೊಡೆದವರಲ್ಲ. ಊಟದ ಡಬ್ಬಿ ತೆರೆದು ಮುಚ್ಚಿದರು. ಹಿತ್ತಲಿಗೆ ಹೋಗಿ ಕೆಂಪಿಯ ಬಾನೆಟ್ ಮೇಲೆ ಕೈಯಿಟ್ಟು ನಿಂತರು. ಬಿಸಿಲಿಗೆ ಅದು ಜ್ವರ ಬಂದ ಹಣೆಯ ಹಾಗೆ ಬೆಚ್ಚಗಿತ್ತು. ಎಷ್ಟು ಜನರಿಗೆ ಕಲಿಸಿದ್ದಳು ಇವಳು! ಮೂರನೇ ಗೇರಿಗೆ ಎಲ್ಲರೂ ಬೆವರಿಳಿಸುತ್ತಿದ್ದರು. ಒಬ್ಬನನ್ನು ಬಿಟ್ಟು. ಎಂಟು ವರ್ಷದ ಹಿಂದೆ ಬಂದಿದ್ದ ಒಬ್ಬ ಎಡಚ. ಮೊದಲನೇ ದಿನವೇ ಕಡ್ಡಿಯನ್ನು ಎತ್ತಿ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಹಾಕಿದ್ದ. ಬೇರೆಯವರು ಬ್ರೇಕ್ ಎಲ್ಲಿ ಎಂದು ಕೇಳಿದರೆ ಇವನು ಲೈಟ್ ಹಾಕದೆ ಸಂದಿಯಲ್ಲಿ ತಿರುಗಿಸುವುದು ಹೇಗೆ ಎಂದು ಕೇಳುತ್ತಿದ್ದ. ಕಲಿಯುವ ಹಸಿವು ಅಂದರೆ ಇದು ಎಂದು ಮೇಷ್ಟ್ರು ಹಿಗ್ಗಿಹೋಗಿದ್ದರು. ಕೊನೆಯ ದಿನ ಅವನು ಕೆಂಪಿಯ ಸ್ಟೇರಿಂಗ್ ಒರೆಸಿ, "ಇವಳನ್ನ ಯಾವತ್ತಾದ್ರೂ ಕಳಿಸೋದಾದ್ರೆ ನನಗೊಂದು ಮಾತು ಹೇಳಿ ಮೇಷ್ಟ್ರೇ," ಎಂದಿದ್ದ.

"ಕಳಿಸಲ್ಲ ಕಣಯ್ಯಾ," ಎಂದಿದ್ದರು ಮೇಷ್ಟ್ರು.

ಎರಡೂವರೆಗೆ ಅವರು ಬೂದಿಯನ್ನು ಮಾರ್ಕೆಟ್ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ತಲೆಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡನ್ನು ಬಿಚ್ಚಿ ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿಸಿದರು. ಕೀಯನ್ನು ಡ್ರೈವರ್ ಸೀಟಿನ ಮೇಲಿಟ್ಟರು, ಬಾಗಿಲು ಅರ್ಧ ತೆರೆದರು, ಕಳ್ಳನ ಹಾಗೆ ಅತ್ತಿತ್ತ ನೋಡಿ ಹತ್ತು ಹೆಜ್ಜೆ ಹಾಕಿದರು.

"ಅಂಕಲ್! ಅಂಕಲ್!" ಒಬ್ಬ ಹುಡುಗಿ ಓಡಿಬಂದಳು. "ಕೀ ಅಲ್ಲೇ ಬಿಟ್ಟಿದ್ದೀರಿ. ತಗೊಳ್ಳಿ. ಕಾಲ ಕೆಟ್ಟಿದೆ ಅಂಕಲ್."

ಮೇಷ್ಟ್ರು ಥ್ಯಾಂಕ್ಸ್ ಹೇಳಿ, ಅವಳು ಮರೆಯಾದ ಮೇಲೆ ಕೀಯನ್ನು ಮತ್ತೆ ಇಟ್ಟು ಬಂದರು. ಈ ಸಲ ಇಪ್ಪತ್ತು ಹೆಜ್ಜೆ. ತಿರುಗಿ ನೋಡಿದರೆ ಒಬ್ಬ ಮುದುಕರು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮುಚ್ಚಿತೋ ಇಲ್ಲವೋ ಎಂದು ಎಳೆದು ನೋಡಿ ಹೋಗುತ್ತಿದ್ದರು. ಮತ್ತೆ ಹೋಗಿ ತೆರೆದರು. ಸೊಪ್ಪಿನ ಗಾಡಿಯ ಹೆಂಗಸು ಕೂಗಿದಳು, "ಹೋಗಿ ಬಾರಣ್ಣ, ನಾನಿದ್ದೀನಿ! ನಿನ್ನ ಕಾರನ್ನ ಒಬ್ಬ ಮುಟ್ಟಲಿ ನೋಡ್ತೀನಿ!"

ಊರು ಇಷ್ಟು ಒಳ್ಳೆಯದಾದದ್ದು ಯಾವಾಗ? ಮೇಷ್ಟ್ರಿಗೆ ಅಳು ಬಂತು.

ಆ ಹೆಂಗಸನ್ನು ಕದಲಿಸಲು ಅವಳ ಸೊಪ್ಪನ್ನೆಲ್ಲ ಕೊಳ್ಳಬೇಕಾಯಿತು. ಅವಳು ಖಾಲಿ ಗಾಡಿ ತಳ್ಳಿಕೊಂಡು ಆಶೀರ್ವಾದ ಮಾಡುತ್ತ ಹೋದಳು. ಮೇಷ್ಟ್ರು ಹನ್ನೆರಡು ಕಟ್ಟು ಸೊಪ್ಪನ್ನು ಎದೆಗೊತ್ತಿಕೊಂಡು ಟೀ ಅಂಗಡಿಯ ಕಂಬದ ಹಿಂದೆ ನಿಂತು, ಎಲೆಗಳ ಸಂದಿಯಿಂದ ಬೂದಿಯ ಮೇಲೆ ಕಣ್ಣಿಟ್ಟರು. ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಕಳ್ಳನ ಹಾಗಿದ್ದವನೊಬ್ಬ ಹತ್ತಿರ ಬಂದು, ಒಳಗೆ ಬಗ್ಗಿ ನೋಡಿ, ಒಂದು ಆಕಳಿಕೆ ತೆಗೆದು ಹೊರಟುಹೋದ.

ಕೊನೆಗೆ ಬಂದರು! ಒಬ್ಬ ಗಂಡಸು, ಒಬ್ಬಳು ಹೆಂಗಸು, ಒಬ್ಬಳು ಮುದುಕಿ, ಇಬ್ಬರು ಮಕ್ಕಳು. ಡಿಕ್ಕಿ ತೆಗೆದು ಚೀಲ ಇಟ್ಟರು. ಮುದುಕಿ ಮುಂದಿನ ಸೀಟೇ ಬೇಕೆಂದು ಜಗಳ ತೆಗೆದಳು. ಮೇಷ್ಟ್ರು ಬೆರಗಾದರು. ಕಳ್ಳತನಕ್ಕೆ ಸಂಸಾರ ಸಮೇತ ಬರುತ್ತಾರೆಯೇ! ಕಾರು ಸದ್ದಿಲ್ಲದೆ ಹಿಂದೆ ಸರಿದು ಅವರ ಮೂಗಿನ ಮುಂದೆಯೇ ಹಾದುಹೋಯಿತು. ಅದರ ನಂಬರ್ ನೋಡಿದರು.

ಬೂದಿಯದಲ್ಲ.

ಆಗ ಸಾಲನ್ನು ಸರಿಯಾಗಿ ನೋಡಿದರು. ಹನ್ನೊಂದು ಕಾರು ನಿಂತಿದ್ದವು, ಹನ್ನೊಂದೂ ಬೂದಿ ಬಣ್ಣ, ಹನ್ನೊಂದಕ್ಕೂ ಮುಖವಿಲ್ಲ. ಕಂಬದ ಹಿಂದೆ ಬಂದು ನಿಂತಾಗಲೇ ಕಣ್ಣು ತಪ್ಪಿತ್ತು; ಅರ್ಧ ಗಂಟೆಯಿಂದ ಕಾದದ್ದು ಯಾರದೋ ಸಂಸಾರದ ಕಾರನ್ನು. ತಮ್ಮದನ್ನು ನಿಲ್ಲಿಸಿದ್ದು ಅದರಿಂದ ನಾಲ್ಕನೆಯ ಜಾಗದಲ್ಲಿ, ಮೂರು ಬಣ್ಣದ ಗೋಡೆಜಾಹೀರಾತಿನ ಎದುರಿಗೆ. ಆ ಜಾಗ ಖಾಲಿಯಿತ್ತು.

ಹೋಗಿತ್ತು! ಅಂತೂ ಹೋಗಿತ್ತು!

ಮೇಷ್ಟ್ರು ಸೊಪ್ಪನ್ನು ಟೀ ಅಂಗಡಿಯವನ ಕೈಗೆ ತುರುಕಿ ನಡೆದರು. ನಡೆದರು ಅನ್ನುವುದಕ್ಕಿಂತ ನಾಲ್ಕನೇ ಗೇರಿನಲ್ಲಿ ಹೋದರು ಅನ್ನಬೇಕು. ದಾರಿಯಲ್ಲಿ ಒಂದು ಹೊಸ ಒರೆಸುವ ಬಟ್ಟೆ ಕೊಂಡರು, ಹಳದಿಯದು, ಕೆಂಪಿಯ ಗಾಜಿಗೆ. ಸೇತುವೆ ಹತ್ತಿರ ಒಂದು ಗಳಿಗೆ ಮನಸ್ಸು ಚುಚ್ಚಿತು. ಇಷ್ಟು ವರ್ಷ ಸರಿದಾರಿ ಹೇಳಿಕೊಟ್ಟವನು ಇವತ್ತು ಮಾಡಿದ್ದೇನು? ಇರಲಿ. ಸಂಜೆಯ ಹತ್ತು ನಿಮಿಷ ಉಳಿಯಿತು. ಒಬ್ಬ ಮನುಷ್ಯ ದಿನಕ್ಕೆ ಹತ್ತು ನಿಮಿಷ ಕೇಳಿದರೆ ಅದೇನು ದೊಡ್ಡ ದುರಾಸೆಯೇ?

ಬೀದಿಯ ತಿರುವು ದಾಟಿದರು. ಹಳದಿ ಬಟ್ಟೆ ಕೈಯಿಂದ ಬಿತ್ತು.

ಸ್ಕೂಲಿನ ಎದುರಿಗೆ ಬೂದಿ ನಿಂತಿತ್ತು.

ತಲೆಯ ಮೇಲೆ ಬೋರ್ಡು ಕೂಡ ನೆಟ್ಟಗೆ ಕೂತಿತ್ತು. ಚಕ್ರಗಳು ನೇರ, ರಸ್ತೆಯಂಚಿನಿಂದ ಸರಿಯಾಗಿ ಒಂದು ಗೇಣು ದೂರ. ಇಷ್ಟು ಚೆನ್ನಾಗಿ ನಿಲ್ಲಿಸುವವರು ಊರಿನಲ್ಲಿ ಬೆರಳೆಣಿಕೆಯಷ್ಟು ಜನ, ಅವರಿಗೆ ಕಲಿಸಿದವರು ಒಬ್ಬರೇ.

ಕತ್ತರಿ ಸೋಪಿನ ಬ್ರಷ್ ಹಿಡಿದುಕೊಂಡೇ ಹೊರಗೆ ಬಂದ. ಮುಖದ ತುಂಬ ನಗು.

"ಮೇಷ್ಟ್ರೇ, ನೀವು ಸಾಮಾನ್ಯರಲ್ಲ! ನಾನು ಒಂದು ಉಪಾಯ ಹೇಳಿದ್ರೆ ನೀವು ಅದರ ಅಪ್ಪನ್ನ ಮಾಡಿದ್ದೀರಿ!"

"ಇದು ಇಲ್ಲಿಗೆ ಹೇಗೆ ಬಂತೋ?"

"ಇನ್ನೂ ನಾಟಕಾನಾ? ನಿಮ್ಮ ಶಿಷ್ಯ ಬಂದಿದ್ದನಲ್ಲ. ಬೂದಿನ ಇಲ್ಲಿ ನಿಲ್ಲಿಸಿದ. ಮೇಷ್ಟ್ರು ಎಲ್ಲಿ ಅಂದ, ಕೆಂಪಿ ಇದಾಳಾ ಅಂದ. ಐದು ಗಂಟೆಗೆ ಗುಜರಿಗೆ ಹೋಗ್ತಾಳೆ ಅಂದೆ. ಬೂದಿ ಒಳಗೆ ಕೂತು ಏನೋ ಗೀಚಿದ. ಆಮೇಲೆ, ಮೇಷ್ಟ್ರೇ ಕೆಂಪಿನ ತಗೊಂಡು ಹೋಗೋಕೆ ಹೇಳಿದ್ದಾರೆ, ಗೇಟ್ ತೆಗೀರಿ ಅಂದ." ಕತ್ತರಿ ದನಿ ತಗ್ಗಿಸಿದ. "ನನಗೆ ತಕ್ಷಣ ಹೊಳೀತು. ಟೈ ಬರೋದ್ರೊಳಗೆ ಕೆಂಪಿನ ಬಚ್ಚಿಡೋಕೆ ನೀವೇ ಕಳಿಸಿದ್ದೀರಿ ಅಂತ! ನಾನೇ ಗೇಟ್ ತೆಗೆದೆ. ತಳ್ತೀನಿ ಅಂತ ಕೂಡ ಅಂದೆ."

ಮೇಷ್ಟ್ರಿಗೆ ಇನ್ನೂ ಒಂದು ಆಸೆ ಉಳಿದಿತ್ತು. "ಸ್ಟಾರ್ಟ್ ಆಗಿರಲ್ಲ. ಅವಳು ಯಾರ ಕೈಗೂ..."

"ತಳ್ಳೋದು ಬೇಡ ಅಂದ. ಕ್ಲಚ್ ಎರಡು ಸಲ ತುಳಿದ, ಬಾಯಲ್ಲಿ ಒಂದು ಎರಡು ಮೂರು ಅಂದ, ಎಡಗೈಯಲ್ಲಿ ಟಪ್ ಅಂತ ಒಂದು ಕೊಟ್ಟ. ಎದ್ದಳು ನೋಡಿ! ನಿಮಗಿಂತ ಚೆನ್ನಾಗಿ ಎಬ್ಬಿಸ್ತಾನೆ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ."

ಎಡಗೈಯಲ್ಲಿ.

ಮೇಷ್ಟ್ರು ಬೂದಿಯ ಬಾಗಿಲು ತೆಗೆದರು. ಡ್ರೈವರ್ ಸೀಟಿನ ಮೇಲೆ ಕೀ, ಕೀಯ ಕೆಳಗೆ ಒಂದು ಚೀಟಿ. ಅಕ್ಷರಗಳು ಎಡಕ್ಕೆ ವಾಲಿದ್ದವು.

"ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಗಾಡಿ ಅಂತ ಗೊತ್ತಿರಲಿಲ್ಲ, ತಪ್ಪಾಯಿತು. ಹಿಂದಿನ ಸೀಟಿನ ಬೋರ್ಡ್ ನೋಡಿದ ತಕ್ಷಣ ವಾಪಸ್ ತಂದಿದ್ದೇನೆ. ಇದನ್ನು ಅರ್ಧ ಗಂಟೆ ಓಡಿಸಿದೆ, ನನ್ನ ಕಸುಬಿನ ಮೇಲೇ ಬೇಜಾರು ಬಂತು. ಕೆಂಪಿ ಗುಜರಿಗೆ ಅಂತ ಗೊತ್ತಾಯಿತು. ಒಂದು ಮಾತು ಹೇಳಿ ಅಂದಿದ್ದೆ, ನೀವು ಹೇಳಲಿಲ್ಲ. ಪರವಾಗಿಲ್ಲ. ನಾನು ಚೆನ್ನಾಗಿ ನೋಡಿಕೊಳ್ಳುತ್ತೇನೆ. ನೀವು ಕಲಿಸಿದ್ದು ಯಾವುದೂ ವ್ಯರ್ಥವಾಗಿಲ್ಲ."

ಲೈಟ್ ಹಾಕದೆ ಸಂದಿಯಲ್ಲಿ ತಿರುಗಿಸುವುದು ಹೇಗೆ ಎಂದು ಅವನು ಯಾಕೆ ಕೇಳಿದ್ದ ಎನ್ನುವುದು ಮೇಷ್ಟ್ರಿಗೆ ಎಂಟು ವರ್ಷ ತಡವಾಗಿ ಅರ್ಥವಾಯಿತು. ಅದನ್ನು ತಾವು ಎಷ್ಟು ಪ್ರೀತಿಯಿಂದ, ಮೂರು ಮೂರು ಸಲ ಮಾಡಿ ತೋರಿಸಿದ್ದೆವು ಎನ್ನುವುದೂ ನೆನಪಾಯಿತು.

ಐದಕ್ಕೆ ಯಜಮಾನಿ ಬಂದಳು, ಜೊತೆಗೆ ಟೈ. ಹಿತ್ತಲಿಗೆ ಹೋದವಳು ಹಾಗೇ ತಿರುಗಿ ಬಂದಳು.

"ಮೇಷ್ಟ್ರೇ, ಕೆಂಪಿ ಎಲ್ಲಿ?"

ಪೊಲೀಸಿಗೆ ಹೇಳಬಹುದು. ಹೇಳಿದರೆ ಮೊದಲು ಹೇಳಬೇಕಾದದ್ದು ಬೂದಿಯ ಕತೆ. ಕತ್ತರಿ ಸಲೂನಿನೊಳಗೆ ಹೋಗಿ, ಖಾಲಿ ಕುರ್ಚಿಗೆ ಬಟ್ಟೆ ಹೊದಿಸಿ ಬಹಳ ಶ್ರದ್ಧೆಯಿಂದ ಕ್ಷೌರ ಮಾಡತೊಡಗಿದ್ದ. ಮೇಷ್ಟ್ರು ಜೀವನದ ಮೊದಲನೇ ಸುಳ್ಳು ಹೇಳಿದರು.

"ನಾನೇ ಕಳಿಸಿಬಿಟ್ಟೆ ಅಮ್ಮಾವ್ರೇ. ಗುಜರಿಗೆ. ಹೇಗಿದ್ರೂ ಹೋಗೋದು ಅಂತ... ಯಾರೋ ಬಂದ್ರು, ಕೊಟ್ಟುಬಿಟ್ಟೆ."

ಯಜಮಾನಿ ಪಕ್ಕದ ಬೆಂಚಿನ ಮೇಲೆ ಕೂತಳು.

"ನೀವೇ ಕಳಿಸಿದ್ರಾ," ಎಂದಳು. "ಮಧ್ಯಾಹ್ನ ನೀವು ಊಟಕ್ಕೆ ಕೂತಾಗ ನಾನೇ ಬೂದಿನ ಒಂದು ಸುತ್ತು ಓಡಿಸಿಕೊಂಡು ಬಂದೆ ಮೇಷ್ಟ್ರೇ. ಕೆರೆ ಏರಿ ತನಕ ಹೋದೆ. ಯಾಕೆ ಹೋದೆ ಅನ್ನೋದೇ ಮರೆತುಹೋಯ್ತು. ಏನೋ ಒಂಥರಾ, ನಾನೇ ಇಲ್ವೇನೋ ಅನ್ನಿಸ್ತು. ಕೆಂಪೀಲಿ ನೀವು ನನಗೆ ಕಲಿಸಿದ್ದು, ಮೂರನೇ ಗೇರಿಗೆ ನಾನು ಅತ್ತದ್ದು, ಅಪ್ಪ ಹಿಂದೆ ಕೂತು ನಕ್ಕಿದ್ದು... ಬೇಡ ಅಂದ್ಕೊಂಡೆ. ಬೂದಿನ ವಾಪಸ್ ತಗೊಂಡು ಹೋಗಿ ಅಂತ ಹೇಳೋಕೇ ಇವರನ್ನ ಕರ್ಕೊಂಡು ಬಂದೆ."

ಮೇಷ್ಟ್ರ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಏನೂ ನಿಲ್ಲಲಿಲ್ಲ.

"ಈಗಲೂ ವಾಪಸ್ ಕಳಿಸಬಹುದಲ್ಲ," ಎಂದರು ಕ್ಷೀಣವಾಗಿ.

"ಕಳಿಸಿ ನಾಳೆ ದರ್ಜಿಯಮ್ಮಂಗೆ ಏನಲ್ಲಿ ಕಲಿಸ್ತೀರಿ? ಬೆಂಚಲ್ಲಾ?"

ಟೈ ಕಾಗದ ಮುಂದಿಟ್ಟ. ಯಜಮಾನಿ ಸಹಿ ಮಾಡಿದಳು. ಹೋಗುವಾಗ ಕೀಯನ್ನು ಮೇಷ್ಟ್ರ ಅಂಗೈಯಲ್ಲಿಟ್ಟು, "ನಿಮಗೆ ಅಷ್ಟು ಹಿಡಿಸಿದ ಮೇಲೆ ಇನ್ನೇನು. ದಿನಾ ಮನೆಗೆ ಇದನ್ನೇ ತಗೊಂಡು ಹೋಗಿ," ಎಂದಳು. ಅದರಲ್ಲಿ ಚುಚ್ಚು ಇತ್ತೋ ಪ್ರೀತಿ ಇತ್ತೋ, ಎರಡನ್ನೂ ಮೇಷ್ಟ್ರು ತಲೆ ತಗ್ಗಿಸಿ ತೆಗೆದುಕೊಂಡರು.

ಆ ಸಂಜೆ ಮೇಷ್ಟ್ರು ಬೂದಿಯನ್ನು ಮನೆಗೆ ಓಡಿಸಿದರು. ಇಳಿಜಾರು ಬಂತು, ಗೊತ್ತಾಗಲಿಲ್ಲ. ಏರು ಬಂತು, ಗೊತ್ತಾಗಲಿಲ್ಲ. ಇಲ್ಲದ ಗೇರಿಗಾಗಿ ಎಡಗೈ ಎರಡು ಸಲ ತಡಕಾಡಿ, ಕೊನೆಗೆ ತೊಡೆಯ ಮೇಲೆ ಮಲಗಿತು. ದೊಡ್ಡ ರಸ್ತೆಯಿಂದ ಎಡಕ್ಕೆ ತಿರುಗುವಾಗ ಮೇಷ್ಟ್ರು ಉಸಿರು ಬಿಗಿಹಿಡಿದರು. ಬೂದಿ ತೆಪ್ಪಗೆ ತಿರುಗಿತು. ಅದೇ ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷದಲ್ಲಿ ನಡೆದದ್ದೇನು ಎಂದು ಯಾರಾದರೂ ಕೇಳಿದ್ದರೆ ಹೇಳಲು ಒಂದು ಮಾತೂ ಇರಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಟ್ಟರು. ಟೀಯ ವಾಸನೆ ಇಲ್ಲ. ಅಡಿಗೆಮನೆಯಲ್ಲಿ ಹೆಂಡತಿ ಅವರಿಗೆ ಬೆನ್ನು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಒಲೆ ತಣ್ಣಗಿತ್ತು.

"ಇಲ್ಲ ಕಣೇ, ಇನ್ನೂ ಬಂದಿಲ್ಲ," ಎನ್ನುತ್ತಿದ್ದಳು. "ಯಾಕೋ ಇವತ್ತು ತಡ. ಒಂದು ದಿನ ಹೀಗೆ ಮಾಡಿದವರಲ್ಲ."

ಮೇಷ್ಟ್ರು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನಾನು ಬಂದಿದ್ದೇನೆ ಎನ್ನಬೇಕು. ಹೇಗೆ ಶುರುಮಾಡುವುದೆಂದು ತಿಳಿಯಲಿಲ್ಲ.

ಆಗ ದೂರದಿಂದ, ದೊಡ್ಡ ರಸ್ತೆಯ ಕಡೆಯಿಂದ ಒಂದು ಸದ್ದು ಏರಿ ಬಂತು. ಹಳೆಯ ಎಂಜಿನ್ನಿನ ಒರಟು, ತುಂಬಿದ ಸದ್ದು. ಅದು ಎರಡನೆಯದರಲ್ಲಿ ಏರಿತು, ಒಂದು ಕೂದಲೆಳೆಯಷ್ಟು ತಡೆಯಿತು. ಯಾರೋ ಕಡ್ಡಿಯನ್ನು ಒಂಚೂರು ಎತ್ತಿ ತಳ್ಳಿದ್ದರು. ಹಲ್ಲು ಕಡಿಯದೆ, ಬೆಣ್ಣೆಯ ಹಾಗೆ ಮೂರನೆಯದಕ್ಕೆ ಸರಿಯಿತು. ಆಮೇಲೆ ಎಲ್ಲೋ ಎಡಕ್ಕೆ ತಿರುಗುತ್ತ, ಊರಿಗೆಲ್ಲ ಕೇಳುವಂತೆ:

ಪೋಂಯ್!

ಹೆಂಡತಿಯ ಮುಖ ಅರಳಿತು. ತಟ್ಟನೆ ಎದ್ದು ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿದಳು.

"ಇಡ್ತೀನಿ ಕಣೇ," ಎಂದಳು ಫೋನಿಗೆ. "ನಮ್ಮನೆಯವರು ಬಂದ್ರು."